ತಳ ತಟ್ಟುವ ಕೈ

ಗುಂಡಕ್ಕ ಮಾತಾಡುವಾಗ ಎಡಗೆನ್ನೆ ಸ್ವಲ್ಪ ಉಬ್ಬಿರುತ್ತಿತ್ತು. ಹೊಸಬರು ಹಲ್ಲುನೋವು ಅಂದುಕೊಳ್ಳುತ್ತಿದ್ದರು. ಆ ಕೆನ್ನೆಯ ಸಂದಿಯಲ್ಲಿ ಸೀಸದ ಕಾಳುಗಳಿವೆ ಎಂದು ಹಳಬರಿಗೆ ಗೊತ್ತಿತ್ತು. ದರ್ಜಿ ತುಟಿಯಂಚಿನಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವ ಹಾಗೆ, ಬಡಗಿ ಬಾಯಲ್ಲಿ ಮೊಳೆ ಇಟ್ಟುಕೊಳ್ಳುವ ಹಾಗೆ, ಅವಳು ಹೊಳೆಗೆ ಇಳಿಯುವ ಮೊದಲು ಒಂದು ಚಿಟಿಕೆ ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಡ್ಡಹೆಸರು ಬಂದದ್ದೂ ಅದರಿಂದಲೇ. ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿದ್ದಳೋ ಇಲ್ಲವೋ ಅನುಮಾನ.

ಟ್ರೌಟ್ ಮೀನು ಹಿಡಿದು ಸೇತುವೆ ಪಕ್ಕದ ಹೋಟೆಲಿಗೆ ಕೊಡುವುದು, ಮೀನು ಹಿಡಿಯುವ ಆಸೆಯಿಂದ ಬಂದವರಿಗೆ ಹೊಳೆ ತೋರಿಸುವುದು, ಇದು ಅವಳ ಕಸುಬು. ಟ್ರೌಟ್ ತಣ್ಣೀರಿನ ಮೀನು. ಬಿರುಸಾಗಿ ಹರಿಯುವ ಹೊಳೆಯಲ್ಲಿ ಅದು ತಳಕ್ಕೆ ಅಂಟಿಕೊಂಡು, ಕಲ್ಲಿನ ಮರೆಯಲ್ಲಿ, ನೀರಿನ ಸೆಳೆತ ಕಡಿಮೆ ಇರುವ ಜಾಗದಲ್ಲಿ, ನೀರು ಬರುವ ದಿಕ್ಕಿಗೆ ಮೂತಿ ಮಾಡಿಕೊಂಡು ನಿಂತಿರುತ್ತದೆ. ತಿನ್ನುವಂಥದ್ದು ಮೂತಿಯ ಮುಂದೆಯೇ ಹಾದರೆ ಬಾಯಿ ತೆರೆಯುತ್ತದೆ, ಒಂದು ಗೇಣು ಮೇಲೆ ಹೋದರೆ ಏಳುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಎರೆಹುಳು ಚುಚ್ಚಿದ ಗಾಳವನ್ನು ತಳದ ಹತ್ತಿರದಲ್ಲೇ, ನೀರಿನ ವೇಗಕ್ಕೇ ಸಾಗಿಸಬೇಕು. ಅದಕ್ಕಾಗಿ ದಾರಕ್ಕೆ ಸೀಸದ ಭಾರ ಕಟ್ಟುತ್ತಾರೆ. ಭಾರ ಕಡಿಮೆಯಾದರೆ ಗಾಳ ತೇಲಿಹೋಗುತ್ತದೆ, ಹೆಚ್ಚಾದರೆ ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಹದವಾಗಿದ್ದರೆ ಸೀಸ ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತಾ ಹೋಗುತ್ತದೆ. ಒಂದೊಂದು ಕುಪ್ಪಳಿಕೆಯೂ ಟಕ್, ಟಕ್ ಎಂದು ದಾರದ ಉದ್ದಕ್ಕೂ ನಡೆದು ಬಂದು ಬಲಗೈಯ ತೋರುಬೆರಳಿಗೆ ತಾಗುತ್ತದೆ. ಇದಕ್ಕೆ ಅಲ್ಲಿಯವರು ತಳ ತಟ್ಟುವುದು ಎನ್ನುತ್ತಿದ್ದರು. ಟಕ್ ನಿಂತಿತೆಂದರೆ ಕಲ್ಲು ಹಿಡಿದಿದೆ, ಇಲ್ಲವೇ ಮೀನು. ಯಾವುದೆಂದು ಯೋಚಿಸಲು ಸಮಯವಿರುವುದಿಲ್ಲ. ಮಣಿಕಟ್ಟನ್ನು ಮೇಲಕ್ಕೆ ಎತ್ತಬೇಕು, ಅಷ್ಟೇ.

ಕಾಳೆಂದರೆ ಬಟಾಣಿಗಿಂತ ಚಿಕ್ಕದಾದ, ನಡುವೆ ಸೀಳಿದ ಸೀಸದ ಗುಂಡು. ಸೀಳಿನಲ್ಲಿ ದಾರ ತೂರಿಸಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಮಡುವಿಂದ ಮಡುವಿಗೆ ನೀರಿನ ಆಳ, ವೇಗ ಎರಡೂ ಬದಲಾಗುವುದರಿಂದ ಹೆಜ್ಜೆಹೆಜ್ಜೆಗೆ ಒಂದು ಕಾಳು ಸೇರಿಸುವುದು, ಒಂದು ಬಿಡಿಸುವುದು ನಡೆದೇ ಇರುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ದಾರ ಹಿಡಿದವರಿಗೆ ಕಾಳು ಒತ್ತಲು ಉಳಿಯುವುದು ಹಲ್ಲು ಮಾತ್ರ.

"ಒಂದು ಇಕ್ಕಳ ಇಟ್ಕೋಬಾರ್ದೇನಕ್ಕಾ?" ಎಂದು ಹೋಟೆಲಿನ ಅಡುಗೆಯವನು ಒಮ್ಮೆ ಕೇಳಿದ್ದ.

"ಹುಟ್ಟುವಾಗಲೇ ಬಾಯಲ್ಲಿ ಇಕ್ಕಳ ಕೊಟ್ಟು ಕಳಿಸಿದಾನೆ ದೇವರು. ಇನ್ನೊಂದು ಹೊತ್ಕೊಂಡು ಯಾಕೆ ತಿರುಗಲಿ?" ಎಂದಿದ್ದಳು ಗುಂಡಕ್ಕ. "ಅಲ್ಲದೆ ಸೀಸ ಚೂರು ಸಿಹಿ ಕಣೋ. ನಿನ್ನ ಪಾಯಸಕ್ಕಿಂತ ವಾಸಿ."

ಆಳದ ಮಡುಗಳಿಗೆ ಬೇಕಾದ ದೊಡ್ಡ ಗುಂಡುಗಳನ್ನು ಅವಳು ಮನೆಯಲ್ಲೇ ಎರಕ ಹೊಯ್ಯುತ್ತಿದ್ದಳು. ಚಕ್ರದ ತೂಕ ಸರಿದೂಗಿಸಲು ಹಾಕಿದ್ದು, ಆಮೇಲೆ ಟಯರ್ ಅಂಗಡಿಯವರು ಕಿತ್ತು ಬಿಸಾಡಿದ ಸೀಸದ ತುಂಡುಗಳನ್ನು ತಂದು, ಉದ್ದ ಹಿಡಿಕೆಯ ಹಳೆಯ ಕಬ್ಬಿಣದ ಸೌಟಿನಲ್ಲಿ ಹಾಕಿ, ಅಡುಗೆಯ ಒಲೆಯ ಮೇಲೇ ಕರಗಿಸುತ್ತಿದ್ದಳು. ಅಡುಗೆಮನೆಯ ಕಿಟಕಿಗೆ ಯಾವುದೋ ಕಾಲದಲ್ಲಿ ಬಣ್ಣ ಹೊಡೆದಾಗ ಅದು ಚೌಕಟ್ಟಿಗೆ ಅಂಟಿಕೊಂಡದ್ದು ಮತ್ತೆ ತೆರೆದಿರಲಿಲ್ಲ. ಕರಗಿದ ಸೀಸ ಕನ್ನಡಿಯಂತೆ ಹೊಳೆಯುವುದು, ಮೇಲೆ ಬೂದು ಕೆನೆ ಕಟ್ಟುವುದು, ಚಮಚದಲ್ಲಿ ಆ ಕೆನೆ ತೆಗೆದು ಪಕ್ಕಕ್ಕೆ ಕೊಡವುವುದು, ಇದನ್ನೆಲ್ಲ ನೋಡುತ್ತಾ ಅವಳ ಒಬ್ಬಳೇ ಮಗಳು ಒಲೆಯ ಪಕ್ಕದ ಮೇಜಿನ ಮೇಲೆ ಮಗ್ಗಿ ಬರೆದು, ಉಂಡು, ದೊಡ್ಡವಳಾಗಿದ್ದಳು.

ಈ ಕಸುಬು ಗುಂಡಕ್ಕನಿಗೆ ಅವಳ ಅಪ್ಪನಿಂದ ಬಂದದ್ದು. ಅಪ್ಪನ ಬಲಗೈ ಕೊನೆಗಾಲದಲ್ಲಿ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ತಳ ತಟ್ಟುವ ಹಳಬರಲ್ಲಿ ಇನ್ನೂ ಕೆಲವರಿಗೆ ಹಾಗಾಗಿತ್ತು. ಅದಕ್ಕೆ ಅವರಲ್ಲಿ ಒಂದು ಹೆಸರೂ ಇತ್ತು: ಹೊಳೆಗೈ. ತಣ್ಣೀರಿನಲ್ಲಿ ಆಯಸ್ಸು ಕಳೆದವನ ಕೈಯನ್ನು ಹೊಳೆ ತೆಗೆದುಕೊಳ್ಳುತ್ತದೆ, ಅದು ಹೊಳೆಯ ಪಾಲು ಎಂದು ಅವರು ನಂಬಿದ್ದರು. ಬಲೆ ಬೀಸುವವರು ಅದೇ ತಣ್ಣೀರಿನಲ್ಲಿ ನಿಲ್ಲುತ್ತಾರಲ್ಲ, ಅವರಿಗೆ ಯಾಕೆ ಹೊಳೆಗೈ ಬರುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಹಿಮ ಕರಗಿ ಹೊಳೆ ತುಂಬಿದ್ದ ಕಾಲದಲ್ಲಿ ಗುಂಡಕ್ಕನ ಮಣಿಕಟ್ಟು ಮಾತು ಕೇಳುವುದನ್ನು ಬಿಡತೊಡಗಿತು. ಟಕ್ ನಿಂತದ್ದು ಬೆರಳಿಗೆ ತಿಳಿಯುತ್ತಿತ್ತು. ಎತ್ತು ಎಂದು ಮನಸ್ಸು ಹೇಳುತ್ತಿತ್ತು. ಕೈ ಏಳುವಷ್ಟರಲ್ಲಿ ಮೀನು ಹುಳು ಕಿತ್ತುಕೊಂಡು ಹೋಗಿರುತ್ತಿತ್ತು. ಕೋಲು ಭಾರವಾಯಿತೆಂದು ಹಗುರದ್ದು ತಂದಳು. ಕಾಳು ಕಡಿಮೆ ಮಾಡಿದಳು. ಕೋಲನ್ನು ಬಟ್ಟೆಯ ಪಟ್ಟಿಯಿಂದ ಮುಂಗೈಗೆ ಬಿಗಿದು ಕಟ್ಟಿ, ಮೊಣಕೈಯಿಂದ ಎತ್ತಿ ನೋಡಿದಳು. ಕೊನೆಗೊಂದು ದಿನ ಹೋಟೆಲಿನ ಅತಿಥಿಗಳ ಎದುರಿಗೇ ಕೋಲು ಕೈಜಾರಿ ನೀರಿಗೆ ಬಿದ್ದು ಸೇತುವೆಯತ್ತ ತೇಲಿಹೋಯಿತು. ಅತಿಥಿಗಳು ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಮೇಜಿನ ಮೇಲೆ ಆ ಕೈಯಿಟ್ಟು, ಬೆರಳುಗಳನ್ನು ಬೈದಳು.

ಮಗಳು ಆಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಅವಳ ಗಂಡ ಬಸ್ ಡ್ರೈವರ್, ಇಬ್ಬರೂ ಗುಂಡಕ್ಕನ ಮನೆಯಲ್ಲೇ ಇದ್ದರು. ಮದುವೆಯಾಗಿ ಬಹಳ ಕಾಲ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು, ನಿಂತ ಹಾಗೇ ಹೋಗಿತ್ತು. ಈಗ ಮೂರನೆಯದು. ಮನೆಯಲ್ಲಿ ಯಾರೂ ಅದರ ಬಗ್ಗೆ ಜೋರಾಗಿ ಮಾತಾಡುತ್ತಿರಲಿಲ್ಲ. ಲಾಂಡ್ರಿಯ ಹಬೆಯಲ್ಲಿ ಮಗಳಿಗೆ ತಲೆ ಸುತ್ತುತ್ತಿತ್ತು.

"ಆ ಕೆಲಸ ಬಿಟ್ಬಿಡೇ," ಎಂದಳು ಗುಂಡಕ್ಕ. "ಬಸುರಿಗೆ ಬಿಸಿ ಆಗಲ್ಲ."

"ಬಿಟ್ಟು ಏನ್ಮಾಡ್ಲಿ? ನಿನ್ನ ಕೈ ನೋಡ್ಕೊಂಡು ಕೂತಿರ್ಲಾ?" ಮಗಳು ತಾಯಿಯ ಜೋತ ಕೈಯನ್ನು ನೋಡಿ, ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡಳು. "ಹೊಳೆಗೆ ನಾನು ಹೋಗ್ತೀನಿ ಬಿಡಮ್ಮ. ನೀನು ದಡದಲ್ಲಿ ಕೂತು ಹೇಳ್ಕೊಡು."

"ನಿನಗೇನು ಬರುತ್ತೆ? ಚಿಕ್ಕೋಳಿದ್ದಾಗ ಎರಡು ಕಪ್ಪೆ ಹಿಡಿದಿದ್ದೇ ದೊಡ್ಡ ಸಾಧನೆ."

"ಕಪ್ಪೆ ಹಿಡಿದೋಳಿಗೆ ಮೀನು ಯಾವ ಮಹಾ."

ಅಳಿಯನೂ ಒಪ್ಪಿದ. ಹಬೆಗಿಂತ ಹೊಳೆಗಾಳಿ ವಾಸಿ, ಆಳಕ್ಕೆ ಮಾತ್ರ ಇಳಿಸಬೇಡಿ ಅತ್ತೆ, ಎಂದ. ಮಗುವಿಗೆ ಒಳ್ಳೆಯದಾಗಲಿ ಎಂದೇ ಮೂವರೂ ಸೇರಿ ತೆಗೆದುಕೊಂಡ ತೀರ್ಮಾನ ಅದು.

ಹೀಗೆ ಆ ಬೇಸಿಗೆಯಲ್ಲಿ ಗುಂಡಕ್ಕ ಮಗಳಿಗೆ ಹೊಳೆ ಕಲಿಸಿದಳು. ಮೊಣಕಾಲು ನೀರಿನಲ್ಲಿ ಮಗಳ ಬೆನ್ನಿಗೆ ಒತ್ತಿ ನಿಂತು, ತನ್ನ ಎಡಗೈಯಿಂದ ಅವಳ ಬಲಗೈ ಹಿಡಿದು, ಕೋಲಿನ ತುದಿ ನೀರಿನ ಜೊತೆ ಹೇಗೆ ಸಾಗಬೇಕೆಂದು ತೋರಿಸಿದಳು.

"ಕಣ್ಣು ಮುಚ್ಚು. ಈಗ ಏನು?"

"ಕಲ್ಲು."

"ಈಗ?"

"ಕಲ್ಲು. ಇನ್ನೊಂದು. ಈಗ ಮೆತ್ತಗಾಯ್ತು... ಮರಳಾ?"

"ಪಾಚಿ. ಮರಳಾದ್ರೆ ಕರಕರ ಅನ್ನುತ್ತೆ. ಈಗ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಎತ್ತು ಮಹಾರಾಯ್ತಿ! ಅದೇ ಮೀನು!"

ಎತ್ತಿದಳು. ಮೀನು ತಪ್ಪಿತು. ಇಬ್ಬರೂ ನೀರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಾಯಿಯ ಪಾಠವೂ ಅಲ್ಲೇ ಆಯಿತು. ನಾಲಿಗೆಯಿಂದ ಒಂದು ಕಾಳನ್ನು ಹಲ್ಲಿಗೆ ತರುವುದು, ಸೀಳನ್ನು ನಾಲಿಗೆ ತುದಿಯಿಂದಲೇ ಹುಡುಕಿ ದಾರಕ್ಕೆ ಕೂರಿಸುವುದು, ದವಡೆಯಿಂದ ಹದವಾಗಿ ಒತ್ತುವುದು. ಮೊದಮೊದಲು ಮಗಳು ಮುಖ ಸಿಂಡರಿಸಿದಳು. ಒಂದು ದಿನ ದಡಕ್ಕೆ ಬಂದು, ಎದೆ ಮುಟ್ಟಿಕೊಂಡು, "ಅಮ್ಮಾ, ಒಂದು ನುಂಗ್ಬಿಟ್ಟೆ," ಎಂದಳು.

"ಅಷ್ಟೇ ತಾನೆ. ನಾನೆಷ್ಟು ನುಂಗಿದೀನೋ. ಹೋಗೋ ದಾರೀಲಿ ಹೋಗುತ್ತೆ," ಎಂದಳು ಗುಂಡಕ್ಕ. "ಒಳಗಿರೋದಕ್ಕೆ ಗೋಲಿ ಆಡೋಕಾಯ್ತು ಬಿಡು."

ಆಮೇಲೆ ಗುಂಡಕ್ಕನ ತಲೆಯಿಂದ ಹೋಗದೇ ಉಳಿದ ಮಾತು ಇದೊಂದೇ.

ಎರಕದ ಕೆಲಸವನ್ನೂ ಮಗಳೇ ವಹಿಸಿಕೊಂಡಳು. ಜೋತ ಕೈಯಲ್ಲಿ ಕಾದ ಸೌಟು ಹಿಡಿಯುವಂತಿರಲಿಲ್ಲ. ಗುಂಡಕ್ಕ ಅಚ್ಚಿನ ಎರಡು ಹೋಳುಗಳನ್ನು ಎಡಗೈಯಿಂದ ಒತ್ತಿ ಹಿಡಿಯುವಳು, ಮಗಳು ಹೊಯ್ಯುವಳು. ಅಡುಗೆಮನೆ ಬೆಚ್ಚಗಿರುತ್ತಿತ್ತು.

ಬೇಸಿಗೆ ಮುಗಿಯುತ್ತಾ ಬಂದಾಗ ಗುಂಡಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಮೊದಲೂ ಬರುತ್ತಿತ್ತು, ಬಿಸಿನೀರು ಕುಡಿದು ಮಲಗಿದರೆ ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ಒಂದು ಬೆಳಿಗ್ಗೆ ಮಗಳು ಹೊಳೆಗೆ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಬಿದ್ದಿದ್ದಳು. ಡ್ಯೂಟಿಗೆ ಹೊರಟಿದ್ದ ಅಳಿಯ ನೋಡಿ, ಅವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ನಡುವಯಸ್ಸಿನ ಹೆಂಗಸು. ಹೊಟ್ಟೆ ಒತ್ತಿ ನೋಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಇದೆ ಎಂದರು. ಬಲಗೈ ಎತ್ತಿಸಿ ನೋಡಿದರು, ಅದು ಏಳಲಿಲ್ಲ. ಹತ್ತಿಯ ಎಳೆಯಿಂದ ಬೆರಳ ತುದಿಗಳನ್ನು ಮುಟ್ಟಿ, ಗೊತ್ತಾಗುತ್ತಾ ಎಂದು ಕೇಳಿದರು. ಗೊತ್ತಾಗುತ್ತಿತ್ತು, ಒಂದೊಂದು ಬೆರಳಿಗೂ.

"ಇದು ಹೊಳೆಗೈ ಡಾಕ್ಟ್ರೇ. ನಮ್ಮಪ್ಪನಿಗೂ ಇತ್ತು. ತಣ್ಣೀರಿಂದ," ಎಂದಳು ಗುಂಡಕ್ಕ ನೋವಿನ ನಡುವೆ.

"ಬಾಯಿ ತೆಗೀರಮ್ಮ."

ತೆರೆದ ಬಾಯಿಯೊಳಗೆ ಟಾರ್ಚ್ ಬಿಟ್ಟವರು ಬಹಳ ಹೊತ್ತು ಆರಿಸಲಿಲ್ಲ. ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ, ಪೆನ್ಸಿಲಿನಿಂದ ಎಳೆದ ಹಾಗೆ, ನೀಲಿಬೂದು ಬಣ್ಣದ ಸಣ್ಣ ಗೆರೆಯಿತ್ತು. ಆಮೇಲೆ ಎಕ್ಸ್‌ರೇ ತೆಗೆಸಿದರು. ಬೆಳಕಿನ ಹಲಗೆಗೆ ಸಿಕ್ಕಿಸಿದ ಆ ಚಿತ್ರದಲ್ಲಿ, ಬೆನ್ನೆಲುಬಿನ ಪಕ್ಕ, ಬಲಗಡೆ ಕೆಳಗೆ, ಅಪೆಂಡಿಕ್ಸ್ ಇರುವ ಜಾಗದಲ್ಲಿ, ಅಚ್ಚ ಬಿಳಿಯ ಚುಕ್ಕಿಗಳ ಒಂದು ಗೊಂಚಲು ಕಾಣಿಸಿತು.

"ಇದೇನಮ್ಮ ಇದು? ಮಣಿಸರ ನುಂಗಿದೀರಾ?"

ಗುಂಡಕ್ಕ ಚಿತ್ರವನ್ನು ನೋಡಿದಳು. ತನ್ನ ಕಾಳುಗಳನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲಳು.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಕೈ ಬಿದ್ದದ್ದು ತಣ್ಣೀರಿನಿಂದಲ್ಲ, ಸೀಸದಿಂದ. ನುಂಗಿದ ಕಾಳು ಒಳಗೆ ಕೂತು ಚೂರುಚೂರೇ ಕರಗುತ್ತದೆ. ಕಚ್ಚಿದಾಗ ಒಂದಿಷ್ಟು, ಕರಗಿಸುವಾಗ ಏಳುವ ಹೊಗೆ, ದೂಳಿನಿಂದ ಇನ್ನಷ್ಟು ಒಳಗೆ ಹೋಗುತ್ತದೆ. ಅದು ಮೊದಲು ಹಿಡಿಯುವುದು ಕೈ ಎತ್ತುವ ನರವನ್ನು. ಮುಟ್ಟಿದ್ದು ತಿಳಿಸುವ ನರವನ್ನು ಸಾಮಾನ್ಯವಾಗಿ ಬಿಡುತ್ತದೆ. ಔಷಧಿಯಿದೆ, ಕಾಳು ತೆಗೆಯಬಹುದು, ಕೈ ನಿಧಾನವಾಗಿ ಸುಧಾರಿಸಲೂಬಹುದು.

ಕೈ ಸುಧಾರಿಸಬಹುದು ಎಂಬ ಮಾತು ಕಿವಿಗೆ ಬಿದ್ದ ಒಂದು ಗಳಿಗೆ ಗುಂಡಕ್ಕನ ಮುಖ ಅರಳಿತು. ಮರುಗಳಿಗೆಯೇ ಬಾಡಿತು.

"ಡಾಕ್ಟ್ರೇ, ಬಸುರಿ ನುಂಗಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು?"

ಬಾಗಿಲ ಬಳಿ ನಿಂತಿದ್ದ ಅಳಿಯನಿಗೂ ಅದು ಕೇಳಿಸಿತ್ತು. ಗುಂಡಕ್ಕ ಅವನತ್ತ ತಿರುಗಿ, ಹೊಟ್ಟೆನೋವು ಮರೆತು ಎದ್ದು ಕೂತು, ಕೂಗಿದಳು: "ಓಡೋ! ಹೊಳೆಗೆ ಓಡು! ಬಾಯಿಂದ ತೆಗೆಸು! ಬಾಯಿ ತೊಳೆಸು!"

ಅವನು ಫೋನ್ ಹಚ್ಚುತ್ತಲೇ ಮೆಟ್ಟಿಲು ಇಳಿದ. ಮಗಳ ಫೋನು ದಡದ ಚೀಲದಲ್ಲಿತ್ತು, ಹೊಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅವನು ಹೋಗಿ ತಲುಪಿದಾಗ ಅವಳು ಸೇತುವೆ ಕೆಳಗಿನ ಮಡುವಿನಲ್ಲಿ ಎಡಗೆನ್ನೆ ಉಬ್ಬಿಸಿಕೊಂಡು ನಿಂತಿದ್ದಳಂತೆ. ಗಂಡ ಬೂಟು ಸಮೇತ ನೀರಿಗಿಳಿದು ಬರುವುದನ್ನು ಕಂಡು, ಅಮ್ಮ ಸತ್ತುಹೋದಳೆಂದೇ ತಿಳಿದು, ಗಾಬರಿಯಲ್ಲಿ ಇನ್ನೊಂದು ಕಾಳು ನುಂಗಿದಳಂತೆ.

ಗುಂಡಕ್ಕನ ಅಪೆಂಡಿಕ್ಸನ್ನು ಕಾಳುಗಳ ಸಮೇತ ತೆಗೆದರು. ಪಕ್ಕದ ವಾರ್ಡಿನಲ್ಲಿ ಮಗಳು. ಅವಳ ಒಳಗಿನ ಕಾಳುಗಳನ್ನು ಭೇದಿಗೆ ಕೊಟ್ಟು ಹೊರಗೆ ಹಾಕಿಸಿದರು. ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಗುಂಡಕ್ಕ ನರ್ಸುಗಳನ್ನು, ಕಸ ಗುಡಿಸುವವರನ್ನು, ಪಕ್ಕದ ಹಾಸಿಗೆಯವರ ನೆಂಟರನ್ನು, ಕಂಡಕಂಡವರನ್ನೆಲ್ಲ ಕೇಳಿದಳು: ಸೀಸ ಮಗುವಿಗೆ ಮುಟ್ಟುತ್ತಾ? ತಾಯಿಯ ಹೊಟ್ಟೆ ಅಡ್ಡ ಇರುತ್ತಲ್ಲ, ತಡೆಯಲ್ವಾ?

ತಡೆಯುವುದಿಲ್ಲ ಎಂದು ಡಾಕ್ಟರು ಬಂದು ಹೇಳಿದರು. ಮಗಳ ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಗುಂಡಕ್ಕನಷ್ಟಿಲ್ಲ, ಆದರೂ ಬಸುರಿಗೆ ಬಹಳ ಹೆಚ್ಚು. ಸೀಸ ಹೊರಹಾಕುವ ಔಷಧಿಯನ್ನು ಬಸಿರಿನಲ್ಲಿ ಕೊಡಲು ಹಿಂಜರಿಯಬೇಕಾಗುತ್ತದೆ, ಅದೂ ಮಗುವಿಗೆ ಒಗ್ಗದೆ ಹೋಗಬಹುದು. ಸದ್ಯಕ್ಕೆ ಸೀಸದಿಂದ ದೂರವಿರುವುದು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹಾಲು, ಮತ್ತೆ ಪರೀಕ್ಷೆ.

"ಮೂರು ತಿಂಗಳ ಬಾಯಾಟಕ್ಕೆ ಇಷ್ಟೊಂದಾ?" ಎಂದ ಅಳಿಯ.

"ಮೂರು ತಿಂಗಳದ್ದು ಮಾತ್ರ ಅಲ್ಲ ಅನ್ಸುತ್ತೆ," ಎಂದರು ಡಾಕ್ಟರು. "ದೇಹಕ್ಕೆ ಸೀಸಕ್ಕೂ ಕ್ಯಾಲ್ಸಿಯಮ್ಮಿಗೂ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ. ತಗೊಂಡು ಹೋಗಿ ಮೂಳೇಲಿ ಇಟ್ಕೊಂಡ್ಬಿಡುತ್ತೆ, ವರ್ಷಗಟ್ಟಲೆ. ಬಸಿರಲ್ಲಿ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕಲ್ಲ, ತಾಯಿಯ ಮೂಳೆಯಿಂದ ಬಿಡಿಸ್ಕೊಳ್ಳುತ್ತೆ. ಜೊತೆಗೆ ಇದೂ ಬಿಟ್ಕೊಂಡು ಬರುತ್ತೆ. ಚಿಕ್ಕಂದಿನಲ್ಲಿ ಮನೇಲಿ ಸೀಸ ಕರಗಿಸ್ತಿದ್ರಾ?"

ಮಗಳು ತಾಯಿಯ ಕಡೆ ನೋಡಿದಳು. ಆ ನೋಟದಲ್ಲಿ ಮೊದಲ ಎರಡು ಬಸಿರೂ ಇದ್ದವು.

"ಆಗ ಹೋದವೂ ಇದರಿಂದಲೇನಾ?" ಎಂದು ಮಗಳೇ ಕೇಳಿದಳು.

"ಅದನ್ನ ಈಗ ಹೇಳೋಕೆ ಯಾರಿಗೂ ಆಗಲ್ಲಮ್ಮ."

"ಇದು ಉಳಿಯುತ್ತಾ?"

"ಎದೆಬಡಿತ ಚೆನ್ನಾಗಿದೆ. ಉಳಿಯೋದಷ್ಟೇ ಅಲ್ಲ, ಹೇಗಿರುತ್ತೆ ಅನ್ನೋದೂ ಮುಖ್ಯ. ಸೀಸ ಇಳೀಬೇಕು. ಎಷ್ಟು ಬೇಗ ಇಳಿಯುತ್ತೋ ಅಷ್ಟು ಒಳ್ಳೇದು. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

ಸುಳ್ಳನ್ನೇ ಹೇಳಬಾರದಿತ್ತೇ ಎಂದು ಗುಂಡಕ್ಕನಿಗೆ ಅನ್ನಿಸಿತು.

ಆ ಮನೆಯಲ್ಲಿ ಮಗಳು ಇರಕೂಡದು ಎಂದರು. ಅಳಿಯ ಬಸ್ ಡಿಪೋ ಹಿಂದೆ ಒಂದು ಕೋಣೆ ಹಿಡಿದ. ಸಾಮಾನು ಒಯ್ಯಲು ಬಂದವನು ಬಾಗಿಲಾಚೆಯೇ ನಿಂತು, ಬಟ್ಟೆ, ಪಾತ್ರೆ ಒಂದೊಂದನ್ನೂ ನಲ್ಲಿಯ ಕೆಳಗೆ ತೊಳೆದು ಚೀಲಕ್ಕೆ ತುಂಬಿದ. ಮೊದಲೆಲ್ಲ ಮಾತಿಗೊಮ್ಮೆ "ಅತ್ತೆ" ಎನ್ನುತ್ತಿದ್ದವನು ಅಂದು ಒಮ್ಮೆಯೂ ಅನ್ನಲಿಲ್ಲ. ಹೊರಡುವಾಗ ಮಗಳು ಹೊಸ್ತಿಲಾಚೆಯಿಂದ ಅಡುಗೆಮನೆಯ ಕಡೆ ನೋಡುತ್ತಾ ಹೇಳಿದಳು:

"ನನ್ನ ಬಾಯಿಗೆ ನೀನೇ ಹಾಕಿದೆಯಲ್ಲಮ್ಮ."

ಅದು ಬೈಗುಳದ ದನಿಯಾಗಿದ್ದರೆ ಗುಂಡಕ್ಕ ಅತ್ತುಬಿಡುತ್ತಿದ್ದಳು. ಲೆಕ್ಕ ತಪ್ಪಾದುದನ್ನು ತೋರಿಸುವ ದನಿಯಲ್ಲಿ ಹೇಳಿದ್ದರಿಂದ ಅವಳಿಗೆ ಅಳಲೂ ಆಗಲಿಲ್ಲ.

ಹೊಲಿಗೆ ಒಣಗುವ ಮೊದಲೇ ಅವಳು ಅಡುಗೆಮನೆಗೆ ಇಳಿದಳು. ಅಂಟಿಕೊಂಡಿದ್ದ ಕಿಟಕಿಯನ್ನು ಎಡಗೈಯಲ್ಲಿ ಉಳಿ ಹಿಡಿದು ಮೀಟಿ ತೆರೆದಳು. ಒಲೆಯ ಹಿಂದಿನ ಗೋಡೆಯನ್ನು ಚಾಕುವಿನಿಂದ ಕೆರೆದಳು. ಬೂದು ಪುಡಿ ಉದುರಿತು. ಇನ್ನೂ ಕೆರೆದಳು. ಮೇಜನ್ನು, ಮಗಳು ಮಗ್ಗಿ ಬರೆದ ಮೇಜನ್ನು, ಮರ ಬಿಳಿ ಕಾಣುವವರೆಗೆ ಉಜ್ಜಿದಳು. ಗಾಳಿಯೆಲ್ಲ ದೂಳಾಯಿತು. ಔಷಧಿಗೆ ಆಸ್ಪತ್ರೆಗೆ ಹೋದಾಗ ಇದನ್ನು ಹೇಳಿದಳು. ಹೊಗಳಿಕೆ ಸಿಕ್ಕೀತು ಎಂಬ ಒಂದು ಸಣ್ಣ ಆಸೆಯೂ ಇತ್ತು. ಡಾಕ್ಟರು ಹಣೆ ಒತ್ತಿಕೊಂಡರು.

"ಒಣಗಿದ್ದನ್ನ ಕೆರೀಬಾರದಮ್ಮ. ಗೋಡೇಲಿ ಸುಮ್ಮನೆ ಕೂತಿದ್ದನ್ನ ಎಬ್ಬಿಸಿ ಗಾಳಿಗೆ ಬಿಟ್ಟಿದೀರಿ. ಒದ್ದೆ ಬಟ್ಟೇಲಿ ಒರೆಸ್ಬೇಕು. ಒರೆಸಿದ ಬಟ್ಟೆ ಬಿಸಾಡ್ಬೇಕು, ಮತ್ತೆ ಹೊಸದು."

ಮನೆಗೆ ಬಂದು ಒರೆಸಲು ಶುರುಮಾಡಿದಳು. ಗೋಡೆ, ನೆಲ, ಕಪಾಟಿನ ಒಳಮೂಲೆ, ಬಾಗಿಲ ಬಿಜಾಗರಿ. ಹಳೆಯ ಸೀರೆಗಳು ಮುಗಿದವು. ಹೊದಿಕೆಯ ಬಟ್ಟೆ ಹರಿದಳು. ಒರೆಸಿದ ಜಾಗ ಸ್ವಚ್ಛವಾಯಿತೋ ಇಲ್ಲವೋ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬೆರಳಿಗೂ ತಿಳಿಯುತ್ತಿರಲಿಲ್ಲ. ಕಾಣದ ತಳವನ್ನು ಬೆರಳಿನಿಂದ ಓದುತ್ತಿದ್ದವಳಿಗೆ ಬೆರಳಿಗೂ ಸಿಗದ ಈ ವಸ್ತುವಿನ ಎದುರು ಏನು ಮಾಡಬೇಕೋ ತೋಚಲಿಲ್ಲ. ಆದ್ದರಿಂದ ಮತ್ತೆ ಒರೆಸಿದಳು.

ಹೋಟೆಲಿನ ಅಡುಗೆಯವನು ಒಂದು ಸಂಜೆ ಹಾಲಿನ ಕ್ಯಾನು ಹಿಡಿದು ಬಂದ. ಮನೆಯೊಳಗೆ ಬರಬೇಡ ಎಂದು ಅವಳು ಕಿಟಕಿಯಿಂದಲೇ ಕೂಗಿದಳು.

"ನೀನೇ ಒಳಗಿರೋವಾಗ ನನಗೇನಾಗುತ್ತೆ ಅಕ್ಕಾ?"

"ನನಗೆ ಆಗೋದು ಬಾಕಿ ಏನಿದೆ? ಅಲ್ಲೇ ನಿಂತ್ಕೋ. ಹಾಲು ಡಿಪೋ ಹತ್ರ ಕೊಟ್ಬಿಡು."

"ಅವಳಿಗೆ ಕೊಟ್ಟೇ ಬಂದೆ. ಇದು ನಿನಗೆ." ಕ್ಯಾನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಹೊಳೇಲಿ ಎಲ್ಲರಿಗೂ ಹೇಳ್ದೆ. ನಗ್ತಾರೆ. ಹೊಳೆಗೈಗೂ ಹೊಟ್ಟೆ ಎಕ್ಸ್‌ರೇಗೂ ಏನಯ್ಯ ಸಂಬಂಧ ಅಂತಾರೆ. ಬಾಯಲ್ಲಿ ಕಾಳಿಟ್ಕೊಂಡೇ ನಗ್ತಾರೆ."

"ನನ್ನ ಕರ್ಕೊಂಡು ಹೋಗು. ಕೈ ತೋರಿಸ್ತೀನಿ."

ಕರೆದುಕೊಂಡು ಹೋದ. ಸೇತುವೆ ಕೆಳಗೆ ಕೋಲು ಹಿಡಿದು ನಿಂತವರ ಎದುರಿಗೆ ಅವಳು ಜೋತ ಕೈ ತೋರಿಸಿದಳು. ಅವರು ಅದನ್ನು ಬೇಕಾದಷ್ಟು ನೋಡಿದ್ದರು, ಕನಿಕರದಿಂದ ತಲೆಯಾಡಿಸಿದರು. ಮಗಳ ವಿಷಯ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಪಕ್ಕಕ್ಕೆ ಹೋಯಿತು. ಅಲ್ಲೊಬ್ಬ ತನ್ನ ಪಕ್ಕದ ಕಲ್ಲಿನ ಮೇಲೆ ಪುಟ್ಟ ಮಗಳನ್ನು ಕೂರಿಸಿಕೊಂಡಿದ್ದ. ಗುಂಡಕ್ಕ ಆ ಮಗುವಿನ ಮುಂದೆ ಕೂತು, "ಬಾಯಿ ತೆಗಿ ಕಂದ," ಎಂದಳು. ಮಗು ತೆರೆಯಿತು. ನಾಲಿಗೆಯ ಮೇಲೆ ಒಂದು ಕಾಳಿತ್ತು, ಚಾಕಲೇಟಿನಂತೆ ಚೀಪುತ್ತಿತ್ತು. ಗುಂಡಕ್ಕ ಅದನ್ನು ಬೆರಳಿನಿಂದ ತೆಗೆದು, ಮಗುವಿನ ಅಪ್ಪನ ಅಂಗೈಯಲ್ಲಿಟ್ಟು, ಎದ್ದು ಬಂದಳು. ಬೆನ್ನ ಹಿಂದೆ ಯಾರೋ ಉಗುಳಿದ ಸದ್ದು ಕೇಳಿಸಿತು. ಆಮೇಲೆ ಇನ್ನೊಬ್ಬರು. ನೀರಿಗೆ ಬಿದ್ದ ಕಾಳುಗಳಿಗೆ ಸದ್ದೇ ಇರಲಿಲ್ಲ.

ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಅವರ ಮಕ್ಕಳು ಅವರಿಗೆ. ಅವಳದು ಡಿಪೋ ಹಿಂದಿನ ಕೋಣೆಯಲ್ಲಿತ್ತು.

ದಿನಾ ಸಂಜೆ, ಸ್ನಾನ ಮಾಡಿ, ತಲೆ ತೊಳೆದು, ಅಡುಗೆಯವನ ಹೆಂಡತಿ ಕೊಟ್ಟ ಸೀರೆ ಉಟ್ಟುಕೊಂಡು, ಅವಳು ಆ ಕೋಣೆಗೆ ಹೋಗುತ್ತಿದ್ದಳು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಬಸ್ಸುಗಳು ಬಂದು ನಿಲ್ಲುವುದನ್ನು ನೋಡಿಕೊಂಡು, ಒಳಗೆ ಮಗಳು ಲೋಟ ಇಟ್ಟ ಸದ್ದು ಕೇಳಿ, ಹಾಲು ಕುಡಿದಳು ಎಂದುಕೊಂಡು ಎದ್ದು ಬರುತ್ತಿದ್ದಳು. ಕೆಲವು ಸಲ ಅಳಿಯ ಡ್ಯೂಟಿ ಮುಗಿಸಿ ಬಂದವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಒಂದು ದಿನ ಬಿಚ್ಚಿದ ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ:

"ಹೊಳೆಗಾಳಿ ವಾಸಿ ಅಂದೋನು ನಾನೇ ತಾನೆ ಅತ್ತೆ."

ಗುಂಡಕ್ಕ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು.

ಎರಡನೆಯ ಪರೀಕ್ಷೆಗೆ ಮೂವರೂ ಜೊತೆಗೆ ಹೋದರು. ಸೀಸ ಇಳಿದಿದೆ ಎಂದರು ಡಾಕ್ಟರು. ಅಳಿಯ ಉಸಿರು ಬಿಟ್ಟ. ಆದರೆ ಅಂದುಕೊಂಡಷ್ಟು ಇಳಿದಿಲ್ಲ ಎಂದೂ ಅವರೇ ಹೇಳಿದರು. ಮೂಳೆಯದು ಬಿಟ್ಟುಕೊಳ್ಳುತ್ತಲೇ ಇರುತ್ತದೆ, ಹೆರಿಗೆಯವರೆಗೂ. ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ, ಸ್ವಲ್ಪ ಚಿಕ್ಕದು. ಹುಟ್ಟಿದ ಮೇಲೆ ಅದರ ರಕ್ತ ನೋಡಬೇಕು. ಆಮೇಲೆ ಕೂರುವುದು, ನಡೆಯುವುದು, ಮಾತು ಕಲಿಯುವುದು, ಶಾಲೆಗೆ ಹೋಗುವುದು, ಒಂದೊಂದನ್ನೂ ಕಾದು ನೋಡಬೇಕು.

"ಅಷ್ಟು ವರ್ಷ ಕಾಯ್ಬೇಕಾ?" ಎಂದಳು ಗುಂಡಕ್ಕ.

"ಕಾಯ್ಬೇಕು."

"ನನ್ನ ಮೂಳೆ ಏನಾದ್ರೂ ತಗೊಂಡು..." ಎಂದು ಶುರುಮಾಡಿದವಳು, ತಾನೇನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ ನಿಲ್ಲಿಸಿದಳು. ಡಾಕ್ಟರು ಅವಳ ಜೋತ ಕೈಯನ್ನು ಎತ್ತಿ ನೋಡಿ, ಇನ್ನೂ ಶಕ್ತಿ ಬಂದಿಲ್ಲ ಎಂದು, ಮೆಲ್ಲನೆ ಮೇಜಿನ ಮೇಲೆ ಇಟ್ಟರು.

ವಾಪಸು ಬಂದು ಗುಂಡಕ್ಕ ಎಂದಿನಂತೆ ಬೆಂಚಿನ ಮೇಲೆ ಕೂತಳು. ಬಾಗಿಲು ತೆರೆದೇ ಇತ್ತು. ಮಗಳು ಎಡಮಗ್ಗುಲಾಗಿ ಮಲಗಿದ್ದಳು. ಬಹಳ ಹೊತ್ತಾದ ಮೇಲೆ ಒಳಗಿಂದ ದನಿ ಬಂತು.

"ಅಮ್ಮಾ."

"ಏನೇ?"

"ಬಾ ಇಲ್ಲಿ."

ಗುಂಡಕ್ಕ ಹೊಸ್ತಿಲಲ್ಲಿ ನಿಂತು ತನ್ನ ಸೀರೆಯನ್ನು ನೋಡಿಕೊಂಡಳು, ಕಾಲು ನೋಡಿಕೊಂಡಳು. "ಕಾಲು ತೊಳ್ಕೊಂಡು ಬರ್ತೀನಿ."

"ತೊಳ್ಕೊಂಡಿದ್ದು ಸಾಕು ಬಾಮ್ಮ. ಚರ್ಮ ಉಳಿದಿದ್ರೆ ತಾನೆ ತೊಳೆಯೋಕೆ." ಮಗಳು ಮುಖ ಈಚೆ ತಿರುಗಿಸಿರಲಿಲ್ಲ. "ಬೆಳಿಗ್ಗೆಯಿಂದ ಇದು ಆಡ್ತಾ ಇದೆಯೋ ಇಲ್ವೋ ನನಗೆ ಗೊತ್ತಾಗ್ತಿಲ್ಲ. ಆಡಿದ ಹಾಗಾಗುತ್ತೆ, ಆಮೇಲೆ ಇಲ್ಲ ಅನ್ಸುತ್ತೆ. ನೀನು ನೋಡು."

"ನಾನಾ?"

"ಮತ್ಯಾರು?"

ಗುಂಡಕ್ಕ ಮಂಚದ ಅಂಚಿನಲ್ಲಿ ಕೂತಳು. ಎಡಗೈ ಚಾಚಿದಳು. ಮಗಳು ಅದನ್ನು ಬಿಟ್ಟು ಬಲಗೈಯ ಮಣಿಕಟ್ಟನ್ನು ಹಿಡಿದು, ಏಳಲಾರದ ಆ ಕೈಯನ್ನು ತಾನೇ ಎತ್ತಿ, ಹೊಟ್ಟೆಯ ಮೇಲೆ ಇಟ್ಟುಕೊಂಡಳು. ತೋರುಬೆರಳು ಹೊಕ್ಕುಳ ಪಕ್ಕಕ್ಕೆ ಬಂತು. ಗುಂಡಕ್ಕ ಅಭ್ಯಾಸದಂತೆ ಕಣ್ಣು ಮುಚ್ಚಿದಳು.

ಹೊರಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಅದರ ಇಂಜಿನ್ ನಿಂತಿತು.

"ಏನಮ್ಮ?"

"ಸುಮ್ನಿರು."

ಮೊದಲು ಮಗಳ ಉಸಿರು ಸಿಕ್ಕಿತು. ಅದನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮಗಳ ನಾಡಿ, ಅದನ್ನೂ ಸರಿಸಿದಳು. ಅದರ ಕೆಳಗೆ ಏನೂ ಇರಲಿಲ್ಲ. ಆಮೇಲೂ ಏನೂ ಇರಲಿಲ್ಲ. ಕೆನ್ನೆಯ ಸಂದಿಯಲ್ಲಿ ನಾಲಿಗೆ ತಾನಾಗಿಯೇ ಹೋಗಿ ಖಾಲಿ ಜಾಗವನ್ನು ತಡವಿತು. ಆಗ ಬೆರಳ ತುದಿಗೆ, ಒಳಗಿಂದ, ಬಹಳ ಮೆತ್ತಗೆ, ಒಂದು ಸಲ ತಾಗಿತು.

"ಇದೆ," ಎಂದಳು.

"ನಿಜವಾಗ್ಲೂ?"

"ಇದೆ ಕಣೇ."

"ಜೋರಾಗಿದೆಯಾ?"

ಗುಂಡಕ್ಕ ಸುಳ್ಳು ಹೇಳಬೇಕೆಂದುಕೊಂಡಳು. "ಮೆತ್ತಗಿದೆ," ಎಂದಳು.

ಇಬ್ಬರೂ ಇನ್ನೊಂದು ತಟ್ಟಿಗೆ ಕಾದರು. ಕೈ ಅಲ್ಲೇ ಇದ್ದು ಭಾರವಾಗತೊಡಗಿತು. ಅದನ್ನು ಎತ್ತಿಕೊಳ್ಳುವ ಶಕ್ತಿ ಗುಂಡಕ್ಕನಿಗೆ ಇರಲಿಲ್ಲ, ಎತ್ತಿಡು ಎಂದು ಮಗಳಿಗೆ ಅವಳು ಹೇಳಲೂ ಇಲ್ಲ.

"ತೆಗೀಲಾ ಅಮ್ಮ?"

"ಬೇಡ," ಎಂದಳು ಕಣ್ಣು ತೆರೆಯದೆ. "ಇನ್ನೊಂದು ಬರಲಿ."